ಮಗುವನ್ನು ಹಿರಿಯರ ಕೈಗೆ ಕೊಡೋಣ
(ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ)



ಕ್ರಿಸ್ತಜಯಂತಿ ಕಳೆದು ಇನ್ನೂ ಎಂಟು ದಿನ ತುಂಬಿಲ್ಲ. ದೇವಾಲಯದ ಗೋದಲಿಯಲ್ಲಿ ದೀಪ ಉರಿಯುತ್ತಲೇ ಇದೆ. ಮನೆಮನೆಯ ಮುಂದೆ ನಕ್ಷತ್ರಗಳು ತೂಗುತ್ತಿವೆ. ತಿಂಡಿ ಡಬ್ಬಿಗಳು ಮಾತ್ರ ತಳ ಕಂಡಿವೆ. ಇಂದು ಇಲ್ಲಿ ನಿಂತು ನೋಡಿದರೆ ಬೆಂಚುಗಳಲ್ಲಿ ಎರಡು ಬಗೆಯ ಮನೆಯವರು ಕಾಣುತ್ತಾರೆ. ಕೆಲವು ಅಜ್ಜ ಅಜ್ಜಿಯರ ಪಕ್ಕದಲ್ಲಿ ಬೆಂಗಳೂರಿನಿಂದಲೋ ಕುವೈತಿನಿಂದಲೋ ಬಂದ ಮಕ್ಕಳು ಮೊಮ್ಮಕ್ಕಳು ಇನ್ನೂ ಇದ್ದಾರೆ. ಇನ್ನು ಕೆಲವು ಬೆಂಚುಗಳಲ್ಲಿ, ಹಬ್ಬದ ರಾತ್ರಿ ಒತ್ತಿಕೊಂಡು ಕುಳಿತಿದ್ದ ಜಾಗದಲ್ಲಿ, ಇಂದು ಮತ್ತೆ ಇಬ್ಬರೇ. ಒಬ್ಬರೇ ಉಳಿದವರೂ ಇದ್ದಾರೆ. ಬ್ಯಾಗು ಕಟ್ಟಿಕೊಂಡು, ತೆಂಗಿನಕಾಯಿ ಉಪ್ಪಿನಕಾಯಿ ಎಲ್ಲ ತುಂಬಿಕೊಂಡು, ಮಕ್ಕಳು ಹೊರಟಾಯಿತು.

ಇಂಥ ಹೊತ್ತಿನಲ್ಲೇ ಧರ್ಮಸಭೆ ನಮಗೆ ಪವಿತ್ರ ಕುಟುಂಬದ ಹಬ್ಬವನ್ನು ಕೊಟ್ಟಿದೆ. 1921ರಲ್ಲಿ ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ಈ ಹಬ್ಬವನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. ಆಗ ಇದು ಜನವರಿಯಲ್ಲಿ, ಮೂವರು ಜ್ಞಾನಿಗಳ ಹಬ್ಬವಾದ ಮೇಲೆ ಬರುತ್ತಿತ್ತು. 1969ರಲ್ಲಿ ಆರಾಧನಾ ಪಂಚಾಂಗವನ್ನು ಪರಿಷ್ಕರಿಸಿದಾಗ ಕ್ರಿಸ್ತಜಯಂತಿಯ ಮರುಭಾನುವಾರಕ್ಕೆ ತಂದರು. ನಮ್ಮ ಅನುಭವದಲ್ಲಿ ಹೇಳುವುದಾದರೆ ಇದು ಬಹಳ ಸರಿಯಾದ ಜಾಗ. ವರ್ಷವಿಡೀ ದೂರದೂರ ಇದ್ದವರು ಒಂದೇ ಸೂರಿನಡಿ ಸೇರಿ ಮೂರು ದಿನವಾಗಿರುತ್ತದೆ. ಮೊದಲ ದಿನದ ಅಪ್ಪುಗೆ ಮುಗಿದು, ಎರಡನೆಯ ದಿನದ ಹಳೆಯ ಮಾತು ಎದ್ದು, ಮೂರನೆಯ ದಿನಕ್ಕೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಸ್ವಲ್ಪ ಜೋರಾಗಿರುತ್ತದೆ. ಕುಟುಂಬದ ಬಗ್ಗೆ ದೇವರ ವಾಕ್ಯ ಕೇಳಬೇಕಾದುದು ಆಗಲೇ ಅಲ್ಲವೇ?

ಇಂದಿನ ಶುಭಸಂದೇಶವನ್ನು ಗಮನಿಸೋಣ. ಮಗು ಹುಟ್ಟಿ ನಲವತ್ತು ದಿನ. ಮೋಶೆಯ ಧರ್ಮಶಾಸ್ತ್ರದಂತೆ ಮರಿಯಮ್ಮನವರೂ ಜೋಸೆಫರೂ ಮಗುವನ್ನು ಎತ್ತಿಕೊಂಡು ಜೆರುಸಲೇಮಿನ ದೇವಾಲಯಕ್ಕೆ ಬರುತ್ತಾರೆ. ಬೆತ್ಲೆಹೇಮಿನಿಂದ ಜೆರುಸಲೇಮಿಗೆ ಎಂಟೊಂಬತ್ತು ಕಿಲೋಮೀಟರ್ ದಾರಿ, ಅದೂ ಗುಡ್ಡದ ದಾರಿ. ಕುರಿಮರಿ ಕೊಡುವ ಶಕ್ತಿ ಇಲ್ಲದವರು ಜೋಡಿ ಹಕ್ಕಿ ಕೊಡಬಹುದು ಎಂಬ ನಿಯಮವಿತ್ತು. ಇವರು ಕೊಟ್ಟದ್ದು ಬಡವರ ಆ ಕಾಣಿಕೆಯನ್ನೇ. ದೊಡ್ಡ ನಗರ, ದೊಡ್ಡ ದೇವಾಲಯ, ಗುರುತಿನವರು ಯಾರೂ ಇಲ್ಲ. ಅಲ್ಲಿಗೆ ಇಬ್ಬರು ಹಿರಿಯರು ಬರುತ್ತಾರೆ.

ಒಬ್ಬರು ಸಿಮೆಯೋನ. ಚಿತ್ರಗಳಲ್ಲಿ ಅವರಿಗೆ ಬೆಳ್ಳನೆಯ ಗಡ್ಡ ಇರುತ್ತದೆ. ಸಂತ ಲೂಕರು ಅವರ ವಯಸ್ಸನ್ನು ಬರೆದೇ ಇಲ್ಲ; ಸಾವಿಗೆ ಸಿದ್ಧನಾಗಿದ್ದೇನೆ ಎಂಬ ಅವರ ಮಾತಿನಿಂದ ನಾವು ಮುದುಕರೆಂದು ತಿಳಿದಿದ್ದೇವೆ. ಇನ್ನೊಬ್ಬರು ಪ್ರವಾದಿನಿ ಅನ್ನ. ಇವರ ವಿಷಯದಲ್ಲಿ ಲೂಕರು ಎಲ್ಲವನ್ನೂ ಬರೆದಿದ್ದಾರೆ: ಆಶೇರನ ಕುಲದವರು, ಫನುವೇಲನ ಮಗಳು, ಮದುವೆಯಾಗಿ ಏಳು ವರ್ಷಕ್ಕೆ ಗಂಡನನ್ನು ಕಳೆದುಕೊಂಡವರು. 84 ಎಂಬ ಸಂಖ್ಯೆಯನ್ನೂ ಕೊಟ್ಟಿದ್ದಾರೆ. ಮಕ್ಕಳ ವಿಷಯವೇ ಇಲ್ಲ. ಹಗಲೂ ರಾತ್ರಿ ದೇವಾಲಯವೇ ಅವರ ಮನೆ. ನಮ್ಮ ಪ್ರತಿ ಧರ್ಮಕೇಂದ್ರದಲ್ಲೂ ಇಂಥ ಒಬ್ಬ ಅಜ್ಜಿ ಇರುತ್ತಾರೆ. ಗಂಟೆ ಬಾರಿಸುವವನಿಗಿಂತ ಮೊದಲೇ ಬಂದು ಬಾಗಿಲ ಬಳಿ ಜಪಸರ ಹಿಡಿದು ಕುಳಿತಿರುತ್ತಾರೆ. ಅವರು ಒಂದು ದಿನ ಬರದಿದ್ದರೆ ನಾವು ಗುರುಗಳೇ ಗಾಬರಿಯಾಗುತ್ತೇವೆ.

ಈ ಇಬ್ಬರೂ ಬಾಲಯೇಸುವಿಗೆ ರಕ್ತಸಂಬಂಧಿಗಳಲ್ಲ. ಆದರೂ ಅಜ್ಜ ಅಜ್ಜಿಯರು ಏನು ಮಾಡುತ್ತಾರೋ ಅದನ್ನೇ ಮಾಡುತ್ತಾರೆ. ಸಿಮೆಯೋನ ಮಗುವನ್ನು ತೋಳಿನಲ್ಲಿ ಎತ್ತಿಕೊಳ್ಳುತ್ತಾರೆ. ಅನ್ನ, ಸಿಕ್ಕವರಿಗೆಲ್ಲ ಮಗುವಿನ ಬಗ್ಗೆ ಹೇಳತೊಡಗುತ್ತಾರೆ. ಮೊಮ್ಮಗು ಹುಟ್ಟಿದ ಅಜ್ಜಿಯರನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ನಮ್ಮ ಮನಸ್ಸು ನಿಲ್ಲುವುದು ಮರಿಯಮ್ಮನವರ ಮೇಲೆ. ಸಿಮೆಯೋನ ಮಗುವನ್ನು ಎತ್ತಿಕೊಂಡರು ಎಂದರೆ ತಾಯಿ ಕೊಟ್ಟಿರಬೇಕು. ನಲವತ್ತು ದಿನದ ಕೂಸು. ಎದುರಿಗಿರುವವರು ಮುನ್ನ ಕಂಡವರಲ್ಲ. ಕೈ ನಡುಗುತ್ತದೇನೋ, ಕಣ್ಣು ಮಂಜೇನೋ. ಆದರೂ ಕೊಟ್ಟರು. ಆ ಹಿರಿಯರು ಹೇಳಿದ್ದು ಬರೀ ಸಿಹಿ ಮಾತೂ ಅಲ್ಲ. ತಾಯಿಯ ಹೃದಯವನ್ನು ಅಲಗು ತೂರಿಹೋಗುವುದೆಂಬ ಮಾತನ್ನೂ ಹೇಳಿದರು. ಅದನ್ನು ಕೇಳಿ ಮರಿಯಮ್ಮನವರು ಮಗುವನ್ನು ಕಿತ್ತುಕೊಂಡು ಹೊರಟರೆಂದು ಶುಭಸಂದೇಶ ಹೇಳುವುದಿಲ್ಲ.

ನಾವು ಹಿಂದೆ ಸೇವೆಯಲ್ಲಿದ್ದ ಒಂದು ಧರ್ಮಕೇಂದ್ರದಲ್ಲಿ ನಡೆದ ಸಂಗತಿಯೊಂದನ್ನು ಈಗ ಹೇಳಬೇಕು. ಇದು ಪಾಪನಿವೇದನೆಯಲ್ಲಿ ಕೇಳಿದ್ದಲ್ಲ, ಮನೆಯ ಜಗುಲಿಯಲ್ಲಿ ಕೇಳಿದ್ದು. ಸಂಬಂಧಪಟ್ಟ ಅಜ್ಜಿಯ ಒಪ್ಪಿಗೆಯನ್ನೂ ಪಡೆದಿದ್ದೇವೆ. ಹೋದ ತಿಂಗಳು ಫೋನ್ ಮಾಡಿ ಕೇಳಿದಾಗ, "ಊರು ಹೇಳ್ಬೇಡಿ ಸ್ವಾಮಿ, ಹೆಸರು ಹೇಳ್ಬೇಡಿ. ಕಜ್ಜಾಯದ ವಿಷಯ ಬೇಕಾದ್ರೆ ಹೇಳಿ" ಎಂದರು.

ಅವರಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಮೈಸೂರಿನಲ್ಲಿ, ಚಿಕ್ಕವನು ಬೆಂಗಳೂರಿನಲ್ಲಿ. ಯಜಮಾನರು ತೀರಿಕೊಂಡ ಮೇಲೆ ಜಮೀನು ಪಾಲಾಯಿತು. ಬೋರ್‌ವೆಲ್ ಒಬ್ಬನ ಪಾಲಿನೊಳಗೆ ಬಂತು. ನೀರು ಇಬ್ಬರಿಗೂ ಎಂದು ಮಾತಾಗಿತ್ತು, ಕಾಗದದಲ್ಲಿ ಬರೆದಿರಲಿಲ್ಲ. ಮುಂದಿನದನ್ನು ನಾವು ಹೇಳದೆಯೇ ನೀವು ಬಲ್ಲಿರಿ; ನಮ್ಮ ಊರುಗಳಲ್ಲಿ ಎಷ್ಟು ಅಣ್ಣತಮ್ಮಂದಿರು ಇದೇ ನೀರಿನಲ್ಲಿ ಮುಳುಗಿದ್ದಾರೆ! ವಿಚಿತ್ರವೆಂದರೆ ಇಬ್ಬರಲ್ಲಿ ಒಬ್ಬರೂ ಬೇಸಾಯ ಮಾಡುವುದಿಲ್ಲ. ಎರಡೂ ಪಾಲನ್ನು ಬೇರೆಯವರು ವಾರಕ್ಕೆ ಮಾಡುತ್ತಿದ್ದರು. ಆ ನೀರಿನಲ್ಲಿ ಕಾಲು ತೊಳೆದುಕೊಳ್ಳಲೂ ಬಾರದ ಇಬ್ಬರು ಐದು ವರ್ಷ ಮಾತು ಬಿಟ್ಟಿದ್ದರು. ನಾವು ಒಮ್ಮೆ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಲು ಹೋಗಿ, ಇದ್ದ ಜಗಳವನ್ನು ಇನ್ನಷ್ಟು ಹೆಚ್ಚಿಸಿ ಬಂದಿದ್ದೆವು. ಅದನ್ನೂ ಒಪ್ಪಿಕೊಳ್ಳಬೇಕು.

ಆ ಐದು ವರ್ಷವೂ ಆ ಮನೆಯಲ್ಲಿ ಎರಡು ಕ್ರಿಸ್ಮಸ್. ಒಬ್ಬ ಮಗ ಸಂಸಾರ ಸಮೇತ 24ಕ್ಕೆ ಬಂದು 25ರ ಸಂಜೆ ಹೊರಡುವುದು. ಇನ್ನೊಬ್ಬ 26ಕ್ಕೆ ಬರುವುದು. ಮರುವರ್ಷ ಅದಲುಬದಲು. ಬರುವ ಮೊದಲು ಇಬ್ಬರೂ ಫೋನಿನಲ್ಲಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಅವನು ಯಾವಾಗ ಬರ್ತಾನೆ?" ಅವ್ವ ಹೇಗಿದ್ದೀಯ ಎಂಬುದು ಅದಾದ ಮೇಲೆ. ಇಬ್ಬರಿಗೂ ಇಬ್ಬಿಬ್ಬರು ಮಕ್ಕಳು. ಚಿಕ್ಕ ಮೊಮ್ಮಕ್ಕಳಿಗೆ ದೊಡ್ಡಪ್ಪನ ಮಕ್ಕಳ ಮುಖವೇ ಗೊತ್ತಿರಲಿಲ್ಲ.

ಒಂದು ಡಿಸೆಂಬರಿನ ಮೊದಲ ಶುಕ್ರವಾರ ಪರಮಪ್ರಸಾದ ಕೊಡಲು ಆ ಮನೆಗೆ ಹೋಗಿದ್ದೆವು. ಅಜ್ಜಿಗೆ ಮಂಡಿನೋವು, ದೇವಾಲಯದವರೆಗೆ ನಡೆಯಲಾಗದು. ಪ್ರಾರ್ಥನೆ ಮುಗಿದ ಮೇಲೆ ಅವರು ತಮ್ಮ ಏರ್ಪಾಡನ್ನೆಲ್ಲ ಹೇಳತೊಡಗಿದರು. ಎರಡು ಊರಕೋಳಿ ಬಲಿಸಿಯಾಗಿದೆ. ತಿಂಗಳ ವಿಧವಾ ವೇತನದಲ್ಲಿ ಸ್ವಲ್ಪ ಸ್ವಲ್ಪ ಉಳಿಸಿ ನಾಲ್ಕು ಮೊಮ್ಮಕ್ಕಳಿಗೂ ಬಟ್ಟೆ ತರಿಸಿಯಾಗಿದೆ. ಅಳತೆ ತಿಳಿಯದೆ ಎಲ್ಲರಿಗೂ ಒಂದು ಅಳತೆ ದೊಡ್ಡದೇ ತರಿಸಿದ್ದರು. ಕಜ್ಜಾಯಕ್ಕೆ ಅಕ್ಕಿ ನೆನೆಹಾಕುವ ದಿನವನ್ನೂ ಗೊತ್ತುಮಾಡಿದ್ದರು. ಗೊತ್ತಿರುವವರಿಗೆ ಗೊತ್ತು, ಕಜ್ಜಾಯ ಒಂದು ದಿನದ ಕೆಲಸವಲ್ಲ. ಅಕ್ಕಿಯನ್ನು ದಿನಗಟ್ಟಲೆ ನೆನೆಸಬೇಕು, ಬಸಿದು ನೆರಳಲ್ಲಿ ಆರಿಸಬೇಕು, ಪೂರ್ತಿ ಒಣಗುವ ಮುಂಚೆ ಕುಟ್ಟಬೇಕು, ಬೆಲ್ಲದ ಪಾಕ ಹದಕ್ಕೆ ಬರಬೇಕು, ಕಲಸಿದ ಹಿಟ್ಟು ಮುಚ್ಚಿದ ಪಾತ್ರೆಯಲ್ಲಿ ದಿನಗಟ್ಟಲೆ ಕೂರಬೇಕು. ಹಿಂದಿನ ಐದು ವರ್ಷ ಆ ಹಿಟ್ಟನ್ನು ಎರಡು ಡಬ್ಬಿಗೆ ಪಾಲು ಮಾಡುತ್ತಿದ್ದರಂತೆ, ಈ ಮಗನಿಗೊಂದು, ಆ ಮಗನಿಗೊಂದು. ಆ ವರ್ಷ ಒಂದೇ ಪಾತ್ರೆಯಲ್ಲಿ ಇಡುತ್ತೇನೆ ಎಂದರು.

"ಏಕೆ ಅಜ್ಜಿ, ಒಬ್ಬರು ಬರುವುದಿಲ್ಲವೇ?" ಎಂದು ಕೇಳಿದೆವು.

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ದೊಡ್ಡೋನಿಗೆ, ಚಿಕ್ಕೋನು ಇಪ್ಪತ್ತಾರಕ್ಕೆ ಬತ್ತಾನೆ ಅಂದಿದೀನಿ. ಚಿಕ್ಕೋನಿಗೆ, ದೊಡ್ಡೋನು ಇಪ್ಪತ್ತಾರಕ್ಕೆ ಬತ್ತಾನೆ ಅಂದಿದೀನಿ. ಇಬ್ರೂ ಇಪ್ಪತ್ನಾಲ್ಕಕ್ಕೆ ಬತ್ತಾರೆ. ನಂಗೆ ಎರಡು ಕ್ರಿಸ್ಮಸ್ ಬ್ಯಾಡ ಸ್ವಾಮಿ, ಒಂದೇ ಸಾಕು."

ನಾವು ಏನು ಹೇಳಬೇಕಿತ್ತು? ಸುಳ್ಳು ಹೇಳಬಾರದು ಎಂದು ಹತ್ತು ಕಟ್ಟಳೆಗಳು ಹೇಳುತ್ತವೆ. ಇಲ್ಲಿ ನಿಂತು ಸುಳ್ಳನ್ನು ಸಮರ್ಥಿಸುವುದು ನಮ್ಮಿಂದಾಗದು, ಅಜ್ಜಿಗೂ ಅದು ಗೊತ್ತಿತ್ತು. ಆದರೆ ಎಪ್ಪತ್ತು ದಾಟಿದ ಒಬ್ಬ ತಾಯಿ ತನ್ನ ಮಕ್ಕಳನ್ನು ಒಂದೇ ದಿನ ಮನೆಗೆ ಕರೆಯಲು ಸುಳ್ಳು ಹೇಳಬೇಕಾಗಿ ಬಂದದ್ದಕ್ಕೆ ಯಾರು ಉತ್ತರ ಕೊಡಬೇಕು? ಆ ಪಾಪದಲ್ಲಿ ಮಕ್ಕಳದೂ ಪಾಲಿದೆ, ಬೋರ್‌ವೆಲ್ಲಿನ ಹಾಗೆ ಯಾರೂ ಅದನ್ನು ಹಂಚಿಕೊಳ್ಳಲು ಮುಂದೆ ಬರುವುದಿಲ್ಲ ಅಷ್ಟೇ.

24ರ ಸಂಜೆ ದೊಡ್ಡ ಮಗ ಮೊದಲು ಬಂದ. ಕತ್ತಲಾದ ಮೇಲೆ ಚಿಕ್ಕವನ ಕಾರು ಬಂತು. ಮನೆಯ ಮುಂದೆ ಅಣ್ಣನ ಗಾಡಿ ನೋಡಿದವನೇ ಕಾರಿನಿಂದ ಇಳಿಯಲೇ ಇಲ್ಲ. ಅವ್ವ ಮೋಸ ಮಾಡಿದಳು ಎಂದು ಕೂಗಾಡಿದನಂತೆ. ಒಳಗಿದ್ದವನೂ ಸುಮ್ಮನಿರಲಿಲ್ಲ, ತನ್ನ ಬ್ಯಾಗನ್ನು ಜಗುಲಿಗೆ ತಂದು ಇಟ್ಟನಂತೆ. ಆದರೆ ಅಷ್ಟರಲ್ಲಿ ಕಾರಿನ ಹಿಂಬಾಗಿಲು ತೆರೆದು ಇಬ್ಬರು ಪುಟ್ಟ ಮಕ್ಕಳು ಇಳಿದು ಒಳಗೆ ಓಡಿಯಾಗಿತ್ತು. ಒಳಗೆ ಅಜ್ಜಿ ಕಟ್ಟಿಸಿದ್ದ ಗೋದಲಿ ಇತ್ತು, ಅದರ ಮುಂದೆ ಇನ್ನಿಬ್ಬರು ಮಕ್ಕಳು ಕುಳಿತು ಕುರಿಗಳನ್ನು ಜೋಡಿಸುತ್ತಿದ್ದರು. ಮಕ್ಕಳಿಗೆ ಬೋರ್‌ವೆಲ್ ಎಂದರೆ ಏನು ಗೊತ್ತು?

ತಂದೆ ಕರೆದ, ತಾಯಿ ಕರೆದಳು, ಮಕ್ಕಳು ಬರಲಿಲ್ಲ. ಕೊನೆಗೆ ಚಿಕ್ಕವನೂ ಹೆಂಡತಿಯೂ ಪಕ್ಕದ ಊರಿನಲ್ಲಿದ್ದ ಹೆಂಡತಿಯ ತವರಿಗೆ ಹೋಗಿ ಮಲಗಿದರು. ಹೋಗುವಾಗ ಆ ಸೊಸೆ ಒಂದು ಮಾತು ಹೇಳಿದಳಂತೆ: "ಮಕ್ಕಳು ಇಲ್ಲೇ ಇರಲಿ ಬಿಡಿ." ಪ್ರಿಯರೇ, ಆ ರಾತ್ರಿ ಆ ಮನೆಯಲ್ಲಿ ಕ್ರಿಸ್ಮಸ್ ಆದದ್ದು ಆ ಮಾತಿನಿಂದ ಎಂದು ನಮಗೆ ತೋರುತ್ತದೆ. ಗಂಡ ಕೋಪದಲ್ಲಿದ್ದಾನೆ, ಅತ್ತೆ ಸುಳ್ಳು ಹೇಳಿದ್ದಾಳೆ, ಒಳಗೆ ಮಾತಿಲ್ಲದ ಭಾವ ಇದ್ದಾನೆ. ಆದರೂ ಆ ತಾಯಿ ತನ್ನ ಮಕ್ಕಳನ್ನು ಹಿರಿಯಳ ಕೈಗೆ ಕೊಟ್ಟುಹೋದಳು.

ಮರುದಿನ ಬೆಳಗಿನ ಬಲಿಪೂಜೆಗೆ ಅಣ್ಣತಮ್ಮಂದಿರಿಬ್ಬರೂ ಬಂದರು. ಒಬ್ಬ ಈ ಸಾಲಿನಲ್ಲಿ, ಒಬ್ಬ ಆ ಸಾಲಿನಲ್ಲಿ. ಪೂಜೆಯಾದ ಮೇಲೆ ಚಿಕ್ಕವನು ಮಕ್ಕಳನ್ನು ಕರೆದೊಯ್ಯಲು ಮನೆಗೆ ಬಂದು, ಅಂಗಳದಲ್ಲಿ ನಿಂತೇ ಒಂದು ಕಜ್ಜಾಯ ತಿಂದು ಹೊರಟ. ಅವರು ಮಾತಾಡಿದರು, ತಬ್ಬಿಕೊಂಡರು ಎಂದು ಹೇಳಿದ್ದರೆ ನಿಮಗೂ ಸಂತೋಷವಾಗುತ್ತಿತ್ತು, ನಮಗೂ ಪ್ರಬೋಧನೆ ಸುಲಭವಾಗುತ್ತಿತ್ತು. ಆದರೆ ಅವರು ಮಾತಾಡಲಿಲ್ಲ.

ಸಂಜೆ ನಾವು ಹೋದಾಗ ಅಜ್ಜಿ ಸಪ್ಪಗಿರಬಹುದು ಎಂದುಕೊಂಡಿದ್ದೆವು. ಅವರು ಬಟ್ಟಲಲ್ಲಿ ಕಜ್ಜಾಯ ಹಾಕಿ ಕೊಡುತ್ತ, "ನಾಲ್ಕೂ ಮಕ್ಳು ನನ್ ಮಗ್ಗುಲಲ್ಲಿ ಒಂದೇ ಚಾಪೇಲಿ ಮಲಗಿದ್ವು ಸ್ವಾಮಿ. ಈ ವರ್ಷಕ್ಕೆ ಇಷ್ಟು ಸಾಕು" ಎಂದರು. ಈ ವರ್ಷಕ್ಕೆ ಎಂದರು. ಮುಂದಿನ ವರ್ಷದ ಲೆಕ್ಕ ಅವರ ತಲೆಯಲ್ಲಿ ಆಗಲೇ ಶುರುವಾಗಿತ್ತು.

ಇಂದಿನ ಮೊದಲ ವಾಚನ ಸಿರಾಖನ ಗ್ರಂಥದ್ದು. ತಂದೆತಾಯಿಯರನ್ನು ಗೌರವಿಸುವವನ ಪಾಪಗಳಿಗೆ ಪರಿಹಾರವುಂಟು, ಅವನ ಪ್ರಾರ್ಥನೆ ಕೇಳಿಬರುವುದು ಎಂದು ಆ ಜ್ಞಾನಿ ಹೇಳುತ್ತಾನೆ. ಈ ಗ್ರಂಥ ನಮಗೆ ದೊರೆತ ಬಗೆ ನಿಮ್ಮಲ್ಲಿ ಹಲವರಿಗೆ ತಿಳಿದಿರಲಾರದು. ಸಿರಾಖ ಜೆರುಸಲೇಮಿನಲ್ಲಿ ಕುಳಿತು ಇದನ್ನು ಹೀಬ್ರೂ ಭಾಷೆಯಲ್ಲಿ ಬರೆದ. ಅವನ ಮೊಮ್ಮಗ ಈಜಿಪ್ಟಿಗೆ ಹೋದ, ಕ್ರಿಸ್ತಪೂರ್ವ 132ರ ಸುಮಾರಿಗೆ ಎಂದು ವಿದ್ವಾಂಸರು ಲೆಕ್ಕ ಹಾಕುತ್ತಾರೆ. ಅಲ್ಲಿ ನೆಲೆಸಿದ್ದ ಯೆಹೂದ್ಯರು ಗ್ರೀಕ್ ಮಾತಾಡುವವರು. ತಾತನ ಪುಸ್ತಕ ಅವರಿಗೆ ಅರ್ಥವಾಗದು. ಮೊಮ್ಮಗ ನಿದ್ದೆಗೆಟ್ಟು ಅದನ್ನು ಗ್ರೀಕಿಗೆ ಅನುವಾದ ಮಾಡಿದ. ಎಲ್ಲಾದರೂ ತಪ್ಪಿದ್ದರೆ ಕ್ಷಮಿಸಿ ಎಂದು ಮುನ್ನುಡಿಯಲ್ಲಿ ಬೇಡಿಕೊಂಡಿದ್ದಾನೆ. ನಿಮ್ಮ ಬೈಬಲ್ಲಿನಲ್ಲಿ ಆ ಮುನ್ನುಡಿ ಇದ್ದರೆ ಇಂದು ಮನೆಗೆ ಹೋಗಿ ಓದಿರಿ.

ತಾತ ಬರೆದ ಹೀಬ್ರೂ ಮೂಲ ಮುಂದೆ ಕಣ್ಮರೆಯಾಗಿ, ನೂರಾರು ವರ್ಷ ಯಾರಿಗೂ ಸಿಗಲಿಲ್ಲ. 1896ರಲ್ಲಿ ಕೈರೋದ ಹಳೆಯ ಯೆಹೂದ್ಯ ಪ್ರಾರ್ಥನಾಮಂದಿರದ ಹಾಳೆಗಳ ರಾಶಿಯಲ್ಲಿ ಅದರ ಭಾಗಗಳನ್ನು ಗುರುತಿಸಿದರು. ಅಲ್ಲಿಯವರೆಗೆ ಧರ್ಮಸಭೆ ಹೆಚ್ಚಾಗಿ ಓದಿಕೊಂಡು ಬಂದದ್ದು ಮೊಮ್ಮಗನ ಗ್ರೀಕ್ ಅನುವಾದವನ್ನು ಮತ್ತು ಅದರಿಂದ ಬಂದ ಇತರ ಭಾಷೆಗಳ ಅನುವಾದಗಳನ್ನು. ದೂರದ ದೇಶಕ್ಕೆ ಹೋದ ಒಬ್ಬ ಮೊಮ್ಮಗ ತಾತನ ಮಾತನ್ನು ಜೊತೆಗೆ ಕೊಂಡೊಯ್ದ. ನಮ್ಮ ಮೊಮ್ಮಕ್ಕಳೂ ದೂರ ಹೋಗುತ್ತಾರೆ. ಹೋಗಬೇಡಿ ಎನ್ನಲು ಯಾರಿಂದಲೂ ಆಗದು. ಕುವೈತಿನಲ್ಲಿ, ಬೆಂಗಳೂರಿನ ಕಂಪನಿಗಳಲ್ಲಿ ಅವರಿಗೆ ಅನ್ನ ಇದೆ. ಆದರೆ ಕೊಂಡೊಯ್ಯಲು ತಾತನ ಒಂದು ಮಾತಾದರೂ ಅವರ ಕಿವಿಗೆ ಬಿದ್ದಿದೆಯೇ? ವರ್ಷಕ್ಕೆ ಒಂದೂವರೆ ದಿನ ಬಂದು, ಅದರಲ್ಲಿ ಅರ್ಧ ದಿನ ನಿದ್ದೆ ಮಾಡಿ, ಅರ್ಧ ದಿನ ಮೊಬೈಲ್ ನೋಡಿ ಹೋಗುವ ಮಗುವಿಗೆ ಅಜ್ಜಿ ಯಾವಾಗ ಕಥೆ ಹೇಳಬೇಕು?

ಸಂತ ಪೌಲರು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ ಅವನ ವಿಶ್ವಾಸ ಮೊದಲು ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನಿಕೆಯಲ್ಲಿ ನೆಲೆಸಿತ್ತೆಂದು ನೆನೆಯುತ್ತಾರೆ. ಹೊಸ ಒಡಂಬಡಿಕೆಯಲ್ಲಿ ಅಜ್ಜಿ ಎಂಬ ಪದ ಬರುವುದು ಅದೊಂದೇ ಕಡೆ. ನಮ್ಮನ್ನೇ ತೆಗೆದುಕೊಳ್ಳಿ, ನಮೋ ಮರಿಯ ಕಲಿಸಿದ್ದು ಯಾರು ಎಂದು ಇಲ್ಲಿರುವ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಕೇಳಿದರೆ ಅರ್ಧಕ್ಕಿಂತ ಹೆಚ್ಚು ಮಂದಿ ಅಜ್ಜಿ ಎಂದೇ ಹೇಳುತ್ತಾರೆ. ಸೆಮಿನರಿಯಲ್ಲಿ ನಮಗೆ ಕಲಿಸಿದ್ದು ಅದರ ಮೇಲಿನ ವ್ಯಾಖ್ಯಾನ.

ಸಿರಾಖ ಇನ್ನೊಂದು ಮಾತು ಹೇಳಿದ್ದಾನೆ, ಓದುವಾಗ ನಾವು ಬೇಗ ದಾಟಿಬಿಡುತ್ತೇವೆ. ತಂದೆಯ ಬುದ್ಧಿ ಮಂಕಾದರೂ ತಾಳ್ಮೆಯಿಂದಿರು, ನಿನ್ನ ಮೈಯಲ್ಲಿ ಶಕ್ತಿ ಇದೆಯೆಂದು ಅವನನ್ನು ಹೀನೈಸಬೇಡ ಎಂಬರ್ಥದ ಮಾತು. ಅರಳು ಮರಳು ಎಂದು ನಾವು ನಗುತ್ತಾ ಹೇಳುವ ಆ ಸ್ಥಿತಿ, ಅದನ್ನು ದಿನವೂ ನೋಡಿಕೊಳ್ಳುವವರಿಗೆ ನಗುವ ವಿಷಯವಲ್ಲ. ತಿಂದ ಊಟ ಮರೆತು ಮತ್ತೆ ಕೇಳುತ್ತಾರೆ. ಸತ್ತುಹೋದ ತಮ್ಮನನ್ನು ಕರೆಯುತ್ತಾರೆ. ರಾತ್ರಿ ಎರಡು ಗಂಟೆಗೆ ಎದ್ದು ಪೂಜೆಗೆ ಹೊತ್ತಾಯಿತೆಂದು ಬಾಗಿಲು ತೆಗೆಯುತ್ತಾರೆ. ಅಂಥವರನ್ನು ಹಬ್ಬದ ದಿನ ಒಳಕೋಣೆಯಲ್ಲಿ ಕೂರಿಸಿ, ನೆಂಟರು ಹೋದ ಮೇಲೆ ಹೊರಗೆ ಕರೆತರುವ ಮನೆಗಳಿವೆ. ರಜೆಯಲ್ಲಿ ಊಟಿಗೋ ಗೋವಾಕ್ಕೋ ಹೋಗುವಾಗ ಅವರನ್ನು ಎಲ್ಲಿ 'ಇಡುವುದು' ಎಂದು ಚರ್ಚೆ ಮಾಡುವ ಮನೆಗಳಿವೆ. ವರ್ಷವಿಡೀ ನೋಡಿಕೊಂಡು ದಣಿದ ಮಗಳೋ ಸೊಸೆಯೋ ನಾಲ್ಕು ದಿನ ಉಸಿರಾಡಲು ಹೋಗುವುದನ್ನು ನಾವು ತಪ್ಪೆನ್ನುವುದಿಲ್ಲ. ಆ ನಾಲ್ಕು ದಿನ ಉಳಿದ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲಿದ್ದರು ಎಂದು ಮಾತ್ರ ಕೇಳುತ್ತೇವೆ. ಹಿರಿಯರ ಪೋಷಣೆಗಾಗಿ ನಮ್ಮ ದೇಶದಲ್ಲಿ 2007ರಲ್ಲಿ ಕಾನೂನು ಬಂತು. ಮಕ್ಕಳು ಜೀವನಾಂಶ ಕೊಡುವಂತೆ ಅದು ಆದೇಶಿಸಬಲ್ಲದು. ಪಕ್ಕದಲ್ಲಿ ಕುಳಿತು ಅದೇ ಪ್ರಶ್ನೆಗೆ ಹತ್ತನೆಯ ಸಲ ಉತ್ತರ ಕೊಡು ಎಂದು ಯಾವ ನ್ಯಾಯಾಧೀಶರು ಆದೇಶ ಮಾಡಬಲ್ಲರು?

ದಿವಂಗತ ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಅಜ್ಜ ಅಜ್ಜಿಯರ ಮತ್ತು ಹಿರಿಯರ ವಿಶ್ವದಿನವನ್ನು ಆರಂಭಿಸಿದರು. ಬಾಲಯೇಸುವಿನ ಅಜ್ಜ ಅಜ್ಜಿಯರೆಂದು ಪರಂಪರೆ ಹೇಳುವ ಸಂತ ಜೋವಾಕಿಂ ಮತ್ತು ಸಂತ ಅನ್ನಮ್ಮನವರ ಹಬ್ಬ ಜುಲೈ 26ಕ್ಕೆ. ಅದರ ಸಮೀಪದ ಜುಲೈ ನಾಲ್ಕನೆಯ ಭಾನುವಾರ ಈ ದಿನವನ್ನು ಆಚರಿಸುತ್ತೇವೆ. ಅಂದು ಹಿರಿಯರನ್ನು ಮುಂದೆ ಕೂರಿಸಿ ಶಾಲು ಹೊದಿಸಿ, ಹೂ ಕೊಟ್ಟು, ಫೋಟೋ ತೆಗೆಸುತ್ತೇವೆ. ಶಾಲುಗಳು ಬಹಳ ಮಂದಿಯ ಮನೆಯಲ್ಲಿ ಮಡಿಸಿದ ಹಾಗೆಯೇ ಇವೆ, ಮನೆ ಭೇಟಿಗೆ ಹೋದಾಗ ತೋರಿಸುತ್ತಾರೆ. ಶಾಲು ಬೇಡವೆಂದಲ್ಲ. ಡಿಸೆಂಬರಿನಲ್ಲಿ ಅವರಿಗೆ ಬೇಕಾದದ್ದು ಬೇರೆ.

ಇಷ್ಟು ಹೊತ್ತು ಮಕ್ಕಳಿಗೆ ಹೇಳಿದೆವು. ಅಜ್ಜ ಅಜ್ಜಿಯರೇ, ನಿಮಗೂ ಒಂದೆರಡು ಮಾತು, ಬೇಸರ ಮಾಡಿಕೊಳ್ಳಬೇಡಿ. ಮಕ್ಕಳು ಬಂದ ದಿನವೇ ದೊಡ್ಡ ಸೊಸೆ ತಂದ ಸೀರೆಯನ್ನು ಚಿಕ್ಕ ಸೊಸೆಯ ಸೀರೆಯ ಪಕ್ಕದಲ್ಲಿಟ್ಟು ಬೆಲೆ ಕೇಳಬೇಡಿ. ಊಟದ ಹೊತ್ತಿನಲ್ಲಿ ಪಾಲಿನ ಮಾತು ತೆಗೆಯಬೇಡಿ. "ಬರದೇ ಇದ್ದಿದ್ದರೂ ಆಗುತ್ತಿತ್ತು, ನಾವು ಬದುಕಿರಲಿಲ್ಲವೇ" ಎಂಬ ಮಾತು ಬಾಯಿಗೆ ಬಂದರೆ ನುಂಗಿಕೊಳ್ಳಿ. ಅದನ್ನು ಕೇಳಿಯೇ ಮುಂದಿನ ವರ್ಷ ಬರದವರಿದ್ದಾರೆ. ಸಿಮೆಯೋನರನ್ನು ನೋಡಿ. ಜೀವಮಾನವಿಡೀ ಕಾದರು. ಮಗು ತೋಳಿಗೆ ಬಂತು. ಎಷ್ಟು ಹೊತ್ತು ಇದ್ದಿರಬಹುದು? ಸ್ವಲ್ಪ ಹೊತ್ತು. ಇಷ್ಟೇನಾ ಎಂದು ಅವರು ಗೊಣಗಲಿಲ್ಲ. ದೇವರನ್ನು ಸ್ತುತಿಸಿ, ಕಣ್ಣು ತುಂಬಿಕೊಂಡು, ಮಗುವನ್ನು ತಾಯಿಯ ಕೈಗೆ ಹಿಂದಿರುಗಿಸಿದರು. ಎತ್ತಿಕೊಳ್ಳುವುದು ಸುಲಭ, ಹಿಂದಕ್ಕೆ ಕೊಡುವುದು ಕಷ್ಟ. ನಿಮ್ಮಲ್ಲಿ ಎಷ್ಟೋ ಮಂದಿ ಬಸ್ ನಿಲ್ದಾಣದಲ್ಲಿ ಅದನ್ನು ಪ್ರತಿವರ್ಷ ಮಾಡುತ್ತೀರಿ. ಬಸ್ಸು ತಿರುವು ದಾಟುವವರೆಗೆ ಕೈ ಬೀಸಿ, ಆಮೇಲೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಮನೆಗೆ ಬಂದು ಚಾಪೆ ಮಡಿಸುತ್ತೀರಿ. ದೇವರಿಗೆ ಅದು ಕಾಣುವುದಿಲ್ಲವೆಂದು ತಿಳಿಯಬೇಡಿ.

ನಾವು ಗುರುಗಳೂ ಈ ವಿಷಯದಲ್ಲಿ ಶುದ್ಧರಲ್ಲ. ಕ್ರಿಸ್ಮಸ್ ರಾತ್ರಿ ನಮಗೆ ಧರ್ಮಕೇಂದ್ರವೇ ಮನೆ, ಅದು ಸರಿ. ಹಬ್ಬದ ಗದ್ದಲ ಮುಗಿದ ಮೇಲೆ ಒಂದು ದಿನ ಹೆತ್ತವರ ಬಳಿ ಹೋಗುತ್ತೇವೆ. ಹೋದ ಮೇಲೂ ಫೋನು ಕಿವಿಯಲ್ಲೇ ಇರುತ್ತದೆ. ಒಮ್ಮೆ ಹಾಗೆ ಜಗುಲಿಯಲ್ಲಿ ನಿಂತು ಯಾವುದೋ ಕಟ್ಟಡದ ಲೆಕ್ಕ ಮಾತಾಡುತ್ತಿದ್ದಾಗ, ಒಳಗಿನಿಂದ ತಾಯಿ ಮೂರು ಸಲ ಊಟಕ್ಕೆ ಕರೆದರು. ನಾಲ್ಕನೆಯ ಸಲ ಕರೆಯಲಿಲ್ಲ. ನಾವು ಒಳಗೆ ಹೋದಾಗ ಅವರು ತಟ್ಟೆ ಮುಚ್ಚಿಟ್ಟು ಜಪಸರ ಹಿಡಿದು ಕುಳಿತಿದ್ದರು. ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ.

ಆ ಕಜ್ಜಾಯದ ಅಜ್ಜಿಯನ್ನು ಹೋದ ತಿಂಗಳು ಫೋನಿನಲ್ಲಿ ಮಾತಾಡಿಸಿದಾಗ ಈ ವರ್ಷದ ಏರ್ಪಾಡು ಏನೆಂದು ಕೇಳಿದೆವು. ಈ ಸಲ ಸುಳ್ಳು ಹೇಳಿಲ್ಲವಂತೆ. ಇಬ್ಬರಿಗೂ ನಿಜವನ್ನೇ ಹೇಳಿದ್ದಾರೆ: ಹಬ್ಬ 24ಕ್ಕೆ, ಬರುವವರು ಬನ್ನಿ, ಬರಲಾಗದವರು ಮಕ್ಕಳನ್ನು ಕಳಿಸಿ. ಚಿಕ್ಕ ಮಗ ಉತ್ತರ ಕೊಟ್ಟಿಲ್ಲ. ಆದರೆ ದೊಡ್ಡ ಮೊಮ್ಮಗಳು, ಮೈಸೂರಿನವಳು, ಬೆಂಗಳೂರಿನ ತಂಗಿಗೆ ಫೋನ್ ಮಾಡಿ ಗೋದಲಿಗೆ ಈ ಸಲ ಒಂಟೆ ತರುತ್ತೇನೆ ಎಂದಿದ್ದಾಳಂತೆ. ಏನಾಯಿತೆಂದು ನಮಗೆ ಇನ್ನೂ ಸುದ್ದಿ ಬಂದಿಲ್ಲ. ನೀವೂ ಆ ಮನೆಗಾಗಿ ಇಂದಿನ ಬಲಿಪೂಜೆಯಲ್ಲಿ ಪ್ರಾರ್ಥಿಸಿರಿ.

ನಿಮ್ಮಲ್ಲಿ ಕೆಲವರಿಗೆ ಮಧ್ಯಾಹ್ನದ ಬಸ್ಸು ಇದೆಯೆಂದು ನಮಗೆ ಗೊತ್ತು. ಹೊರಡುವ ಮೊದಲು ಅವ್ವನನ್ನೋ ಅಪ್ಪನನ್ನೋ ಒಂದು ಪ್ರಶ್ನೆ ಕೇಳಿ: ಮುಂದಿನ ಕ್ರಿಸ್ಮಸ್‌ಗೆ ನೀವು ಏನು ಅಂದುಕೊಂಡಿದ್ದೀರಿ? ಅವರ ಮನಸ್ಸಿನಲ್ಲಿ ಒಂದು ಲೆಕ್ಕ ಇದ್ದೇ ಇರುತ್ತದೆ. ನಾವು ಯಾರೂ ಕೇಳದೆ ನಮ್ಮ ರಜೆಯ ಲೆಕ್ಕದಲ್ಲಿ ಅವರನ್ನು ಸೇರಿಸಿಬಿಡುತ್ತೇವೆ. ಅಣ್ಣತಮ್ಮಂದಿರಲ್ಲಿ ಮಾತಿಲ್ಲದ ಮನೆಯವರು ಇಲ್ಲೂ ಇದ್ದೀರಿ, ಹೆಸರು ಹೇಳುವುದಿಲ್ಲ. ನಿಮ್ಮ ಜಗಳ ತೀರಲು ಹೊತ್ತು ಬೇಕಾಗಬಹುದು. ಅದು ತೀರುವವರೆಗೆ ಮಕ್ಕಳನ್ನು ಕಾಯಿಸಬೇಡಿ.

ಪರಮಪ್ರಸಾದದ ನಂತರ ಮೊಮ್ಮಕ್ಕಳೆಲ್ಲ ತಮ್ಮ ಅಜ್ಜ ಅಜ್ಜಿಯರ ಕೈ ಹಿಡಿದು ಮುಂದೆ ಬರಲಿ. ಮೊಮ್ಮಕ್ಕಳು ಊರಿನಲ್ಲಿಲ್ಲದ ಹಿರಿಯರನ್ನು ಪಕ್ಕದ ಬೆಂಚಿನ ಮಕ್ಕಳು ಕರೆತರಲಿ. ಪ್ರತಿವರ್ಷ ಈ ದಿನ ಮಕ್ಕಳ ಹಣೆಯ ಮೇಲೆ ನಾವು ಶಿಲುಬೆಯ ಗುರುತು ಹಾಕುತ್ತೇವೆ. ಈ ಸಲ ಅಜ್ಜ ಅಜ್ಜಿಯರೇ ಹಾಕಲಿ. ಕೈ ನಡುಗಿದರೂ ಪರವಾಗಿಲ್ಲ.

ಈಗ ವಿಶ್ವಾಸ ಸಂಗ್ರಹವನ್ನು ಹೇಳಲು ಎದ್ದು ನಿಲ್ಲೋಣ. ಮಂಡಿನೋವಿರುವವರು ಕುಳಿತೇ ಹೇಳಿರಿ.